ವಿಮಾನಕ್ಕೆ ನೂರು ಫೋಟೋ, ಪೈಲಟ್‌ಗೆ?

ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳಿಗೆ ರೈಲಿಲ್ಲ. ಅಲ್ಲಿಯ ಮಕ್ಕಳು ಬೆಂಗಳೂರಿನ ‘ಏರೋ ಇಂಡಿಯಾ’ ನೋಡಬೇಕೆಂದರೆ ಬಸ್ಸು ಹಿಡಿದು ಕಲಬುರಗಿಗೆ ಬಂದು, ಅಲ್ಲಿಂದ ರಾತ್ರಿಯ ರೈಲು ಹತ್ತಬೇಕು. ಗುಂತಕಲ್, ಹಿಂದೂಪುರ ಮಾರ್ಗವಾಗಿ ಹೋದರೆ ಬೆಂಗಳೂರು ಮುಟ್ಟುವ ಮೊದಲೇ ಯಲಹಂಕ ಸಿಗುತ್ತದೆ. 1996ರಲ್ಲಿ ಆರಂಭವಾದ ಈ ವೈಮಾನಿಕ ಪ್ರದರ್ಶನ ನಡೆಯುತ್ತ ಬಂದಿರುವುದು ಅಲ್ಲಿಯ ವಾಯುನೆಲೆಯಲ್ಲಿ. 2023ರಲ್ಲೂ 2025ರಲ್ಲೂ ಫೆಬ್ರುವರಿ ತಿಂಗಳಲ್ಲಿ ಐದು ದಿನ ನಡೆಯಿತು. ಸಾರ್ವಜನಿಕರಿಗೆ ಕೊನೆಯ ಎರಡು ದಿನ.

ಇಷ್ಟು ದೂರ ಹೋಗಿ ಬಂದವರ ಮೊಬೈಲು ತೆರೆದು ನೋಡಿ. ಇನ್ನೂರು, ಮುನ್ನೂರು ಫೋಟೋ ಇರುತ್ತವೆ. ಬಹುಪಾಲು ಫೋಟೋಗಳಲ್ಲಿ ನೀಲಿ ಆಕಾಶ, ಮೂಲೆಯಲ್ಲೊಂದು ಕರಿಚುಕ್ಕೆ. ‘ಇದು ಸುಖೋಯ್’ ಎಂದು ಮಗ ಹೇಳಿದರೆ ಅಪ್ಪ ನಂಬಬೇಕು.

ಶಬ್ದ ಬಂದ ಕಡೆಗೆ ಕ್ಯಾಮೆರಾ ತಿರುಗಿಸುವುದೇ ಇಲ್ಲಿ ಆಗುವ ಮೊದಲ ತಪ್ಪು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಎರಡು ಕಿಲೋಮೀಟರ್ ದೂರದ ವಿಮಾನದ ಸದ್ದು ಕಿವಿಗೆ ಮುಟ್ಟಲು ಸುಮಾರು 6 ಸೆಕೆಂಡು ಬೇಕು. ಗಂಟೆಗೆ 600 ಕಿ.ಮೀ. ವೇಗದ ವಿಮಾನ ಅಷ್ಟರಲ್ಲಿ ಒಂದು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಅದೇ ವಿಮಾನ ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಸುಮಾರು 17 ಸೆಂಟಿಮೀಟರ್ ಸರಿಯುತ್ತದೆ. ಷಟರ್ ಅಷ್ಟು ಚುರುಕಾಗಿ ಮುಚ್ಚದಿದ್ದರೆ, ಕೈ ವಿಮಾನದ ಜೊತೆಗೇ ತಿರುಗದಿದ್ದರೆ, ಚಿತ್ರ ಕಲಸಿಹೋಗುತ್ತದೆ.

ಹಾಗೆಂದು ಎಲ್ಲಕ್ಕೂ ಚುರುಕು ಷಟರ್ ಒಳ್ಳೆಯದಲ್ಲ. 2019ರ ಪ್ರದರ್ಶನದಲ್ಲಿ ಹಳೆಯ ಡಕೋಟಾ ವಿಮಾನವೊಂದು ಕಾಣಿಸಿಕೊಂಡಿತ್ತು. ಅದರ ಪ್ರೊಪೆಲ್ಲರ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳಿ. ಸಾವಿರದ ಒಂದು ಭಾಗದ ಸೆಕೆಂಡಿನಲ್ಲಿ ಅದು ಬರೀ 9 ಡಿಗ್ರಿ ತಿರುಗುತ್ತದೆ. ಫೋಟೋದಲ್ಲಿ ರೆಕ್ಕೆಗಳು ಕರೆಂಟು ಹೋದ ಫ್ಯಾನಿನ ಹಾಗೆ ನಿಂತುಬಿಡುತ್ತವೆ! 125ರ ಒಂದು ಭಾಗಕ್ಕೆ ಇಳಿಸಿದರೆ 72 ಡಿಗ್ರಿ; ಆಗ ತಿರುಗುವುದು ಕಾಣುತ್ತದೆ.

ಈ ಡಕೋಟಾಕ್ಕೆ ಒಂದು ಕಥೆಯಿದೆ. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ನಮ್ಮ ಸೈನಿಕರನ್ನು ಇಳಿಸಿದ್ದು ಇಂಥ ಡಕೋಟಾಗಳು. ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಅವರ ಮಗ ರಾಜೀವ್ ಚಂದ್ರಶೇಖರ್ ಹಳೆಯದೊಂದು ಡಕೋಟಾವನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ 2018ರಲ್ಲಿ ವಾಯುಪಡೆಗೆ ಕಾಣಿಕೆ ಕೊಟ್ಟರು. ಅದಕ್ಕೆ ‘ಪರಶುರಾಮ’ ಎಂದು ಹೆಸರಾಯಿತು. ವಿಮಾನವನ್ನಾದರೆ ಹೀಗೆ ಬಿಡಿಭಾಗ ಜೋಡಿಸಿ ಮತ್ತೆ ಹಾರಿಸಬಹುದು. ಹಾರಿಸಿದವರಿಗೆ ಬಿಡಿಭಾಗ ಎಲ್ಲಿ ಸಿಗುತ್ತದೆ? 1965ರ ಯುದ್ಧದಲ್ಲಿ 21 ವರ್ಷದವರಾಗಿದ್ದವರಿಗೆ 2024ರಲ್ಲೇ ಎಂಬತ್ತು ತುಂಬಿತು.

ನೆರಳಿನಲ್ಲಿ ನಿಂತವರು

ಇಂಥ ಪ್ರದರ್ಶನಗಳಿಗೆ ನಿವೃತ್ತ ಪೈಲಟ್‌ಗಳೂ ಬರುತ್ತಾರೆ. ಎಲ್ಲರೂ ಕತ್ತು ಎತ್ತಿ ನಿಂತಾಗ ಅವರು ನಿಲ್ಲಿಸಿಟ್ಟ ವಿಮಾನದ ಹತ್ತಿರ, ಕೋಟಿನ ಎಡ ಎದೆಯ ಮೇಲೆ ಪುಟ್ಟ ರೆಕ್ಕೆಯ ಬಿಲ್ಲೆ ಧರಿಸಿ ನಿಂತಿರಬಹುದು. ಮಾತಿಗೆ ಸಿಕ್ಕರೆ ಎರಡೂ ಅಂಗೈಗಳನ್ನು ವಿಮಾನ ಮಾಡಿಕೊಂಡು, ಒಂದನ್ನು ಇನ್ನೊಂದರ ಬಾಲಕ್ಕೆ ಬಿಟ್ಟು ವಿವರಿಸುತ್ತಾರೆ. ಲೋಕದ ಎಲ್ಲ ಪೈಲಟ್‌ಗಳ ಅಭ್ಯಾಸ ಇದು. ಕ್ಯಾಮೆರಾ ಆಕಾಶದಿಂದ ಇಳಿಯಬೇಕಾದದ್ದು ಆಗ.

ಆ ಮಾತು ಯಾಕೆ ಮುಖ್ಯ ಎಂಬುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪ್ರಸಂಗವನ್ನು ನೋಡಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟಿಯರ್ ವಿಮಾನಗಳಲ್ಲಿ ಒಂದು ಅವರದು. ಯಾರಾದರೂ ಹಿಂದುಳಿದರೆ ಇರಲಿ ಎಂದು ಕಾಯ್ದಿರಿಸಿದ್ದ ಪೈಲಟ್ ಅವರು. ಅಂದು ಹೋದವರು ವಾಪಸಾಗಲಿಲ್ಲ. ಹೇಗೆ ಸತ್ತರು, ಎಲ್ಲಿ ಸತ್ತರು ಎಂಬುದು ವಾಯುಪಡೆಗೆ ಗೊತ್ತಾಗಲಿಲ್ಲ. ಕಡತದಲ್ಲಿ ‘ನಾಪತ್ತೆ’.

ಆ ಕಾಲದ ಯುದ್ಧವಿಮಾನಗಳಲ್ಲಿ ಗನ್ ಕ್ಯಾಮೆರಾ ಎಂಬುದಿರುತ್ತಿತ್ತು. ಪೈಲಟ್ ಗುಂಡಿನ ಗುಂಡಿ ಒತ್ತಿದೊಡನೆ ಅದೂ ಓಡಿ, ಎದುರಿನದನ್ನು ಫಿಲ್ಮಿನ ಮೇಲೆ ಇಳಿಸುತ್ತಿತ್ತು. ಯಾರು ಯಾರನ್ನು ಹೊಡೆದರು ಎಂಬುದಕ್ಕೆ ಅದೇ ಸಾಕ್ಷಿ. ಆದರೆ ವಿಮಾನವೇ ಮರಳದಿದ್ದರೆ ಸಾಕ್ಷಿಯೂ ಮರಳುವುದಿಲ್ಲ.

ಹದಿನಾಲ್ಕು ವರ್ಷಗಳ ಮೇಲೆ, 1979ರಲ್ಲಿ, ಇಂಗ್ಲೆಂಡಿನ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬರೆದ ಪುಸ್ತಕದಲ್ಲಿ ವಿಷಯ ಹೊರಬಿತ್ತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಎಫ್-104 ಸ್ಟಾರ್‌ಫೈಟರ್ ವಿಮಾನದಲ್ಲಿ ಅಮ್ಜದ್ ಹುಸೇನ್ ಎಂಬ ಪಾಕ್ ಪೈಲಟ್ ಮಿಸ್ಟಿಯರ್ ಒಂದನ್ನು ಅಟ್ಟಿಸಿಕೊಂಡು ಹೋಗಿ ಹೊಡೆದಿದ್ದರು. ಪೆಟ್ಟು ತಿಂದ ಮಿಸ್ಟಿಯರ್ ಓಡಿಹೋಗದೆ ತಿರುಗಿ ನಿಂತು ಸ್ಟಾರ್‌ಫೈಟರನ್ನೇ ಉರುಳಿಸಿತ್ತು. ಅಮ್ಜದ್ ಹೊರಕ್ಕೆ ಹಾರಿ ಬದುಕಿಕೊಂಡರು. ದೇವಯ್ಯ ಬದುಕಲಿಲ್ಲ. ವೇಗದಲ್ಲಿ ಆ ಎರಡು ವಿಮಾನಗಳಿಗೆ ಹೋಲಿಕೆಯೇ ಇಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಮಹಾವೀರ ಚಕ್ರ ದೇವಯ್ಯನವರಿಗೆ ಮರಣೋತ್ತರವಾಗಿ ಬಂದದ್ದು 1988ರಲ್ಲಿ. ಯುದ್ಧ ಮುಗಿದು 23 ವರ್ಷ ಕಳೆದಿತ್ತು! ಎದುರಾಳಿ ಬದುಕಿದ್ದು ಬಾಯಿ ಬಿಡದಿದ್ದರೆ ಅದೂ ಇಲ್ಲ.

ಅದೇ ಯುದ್ಧದಲ್ಲಿ ಹಂಟರ್ ವಿಮಾನ ಹಾರಿಸುತ್ತಿದ್ದ ಕೆ.ಸಿ. ಕಾರ್ಯಪ್ಪ, ಅಂದರೆ ಜನರಲ್ ಕಾರ್ಯಪ್ಪನವರ ಮಗ, ಸೆಪ್ಟೆಂಬರ್ 22ರಂದು ಉರುಳಿ ಬಿದ್ದು ಸೆರೆ ಸಿಕ್ಕರು. ಬಿಡುಗಡೆಯಾಗಿ ಬಂದು ಏರ್ ಮಾರ್ಷಲ್ ಹುದ್ದೆಯವರೆಗೆ ಏರಿದರು. ಬದುಕಿ ಬಂದದ್ದರಿಂದ ತಮ್ಮ ಕಥೆಯನ್ನು ತಾವೇ ಹೇಳಿದರು.

ಮುಖ ತೆಗೆಯುವ ಬಗೆ

ಫೆಬ್ರುವರಿಯ ನಡುಹಗಲು ವಯಸ್ಸಾದವರ ಮುಖಕ್ಕೆ ಒಳ್ಳೆಯ ಬೆಳಕಲ್ಲ. ಟೋಪಿಯ ನೆರಳು ಕಣ್ಣನ್ನು ನುಂಗುತ್ತದೆ, ಟೋಪಿ ತೆಗೆದರೆ ಕಣ್ಣು ಕಿರಿದಾಗುತ್ತದೆ. ಅನುಮತಿ ಕೇಳಿ, ಅವರನ್ನು ವಿಮಾನದ ರೆಕ್ಕೆಯ ನೆರಳಿನ ಅಂಚಿಗೆ ಕರೆತಂದರೆ ಸಾಕು. ಬಿಸಿಲು ಬಿದ್ದ ಕಾಂಕ್ರೀಟು ಬೆಳಕನ್ನು ಕೆಳಗಿನಿಂದ ಮೇಲಕ್ಕೆ ಚೆಲ್ಲಿ ಮುಖದ ಗೆರೆಗಳನ್ನು ತೋರಿಸುತ್ತದೆ. ಸ್ಟುಡಿಯೋದವರು ಬಿಳಿ ಹಲಗೆ ಹಿಡಿಯುವುದು ಇದಕ್ಕೇ.

ಮೊಬೈಲನ್ನು ಮುಖದ ಹತ್ತಿರ ಹಿಡಿಯಬಾರದು. ಮೂಗು 30 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿ ಸುಮಾರು 42ರಲ್ಲಿರುತ್ತದೆ. ಹಾಗಾಗಿ ಕಿವಿಯ ಲೆಕ್ಕಕ್ಕೆ ಮೂಗು 40 ಪ್ರತಿಶತ ಹಿಗ್ಗುತ್ತದೆ. ಎರಡು ಮೀಟರ್ ಹಿಂದೆ ಸರಿದರೆ ಆ ಹಿಗ್ಗು ಆರು ಪ್ರತಿಶತಕ್ಕೆ ಇಳಿಯುತ್ತದೆ. ಇನ್ನು ಸೆಲ್ಫಿ. ಕೆಲವು ಮೊಬೈಲುಗಳು ಅದನ್ನು ಕನ್ನಡಿಯಂತೆ ತಿರುಗುಮುರುಗು ಉಳಿಸುತ್ತವೆ. ಎಡ ಎದೆಯ ರೆಕ್ಕೆಯ ಬಿಲ್ಲೆ ಬಲಕ್ಕೆ ಬಂತೆಂದರೆ ಫೋಟೋ ಉಲ್ಟಾ ಆಗಿದೆ ಎಂದೇ ಅರ್ಥ. ಹಳೆಯ ಆಲ್ಬಂಗಳಲ್ಲಿ ನೆಗೆಟಿವ್ ಮಗುಚಿ ಮುದ್ರಿಸಿದ ಸೈನಿಕರ ಚಿತ್ರಗಳನ್ನೂ ಹೀಗೆಯೇ ಪತ್ತೆ ಹಚ್ಚಬಹುದು.

ವಾಯುನೆಲೆಗಳಲ್ಲಿ ಬೇರೆ ದಿನ ಫೋಟೋ ತೆಗೆಯುವಂತಿಲ್ಲ. ಪ್ರದರ್ಶನದ ದಿನಗಳಲ್ಲಿಯೂ ಬಿಟ್ಟ ಜಾಗದಲ್ಲಿ ಮಾತ್ರ. ‘ಸೂರ್ಯಕಿರಣ್’ ತಂಡ 1996ರಲ್ಲಿ ಹುಟ್ಟಿದ್ದು ಪಕ್ಕದ ಬೀದರಿನಲ್ಲಿ, ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಕಿರಣ್ ವಿಮಾನಗಳೊಂದಿಗೆ. ಹಾಗೆಂದು ಬೀದರ್ ನೆಲೆಯ ತಂತಿಬೇಲಿಗೆ ಕ್ಯಾಮೆರಾ ಚಾಚಿದರೆ ಪೊಲೀಸರ ಜೊತೆ ಮಾತಾಡಬೇಕಾದೀತು.

ಪ್ರದರ್ಶನಕ್ಕೆ ಹೋಗಲಾಗದವರು ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್ ಯುದ್ಧವಿಮಾನ ನೋಡಬಹುದು. 1961ರಲ್ಲಿ ಅದನ್ನು ಮೊದಲು ಹಾರಿಸಿದ ಸುರಂಜನ್ ದಾಸ್ 1970ರ ಜನವರಿ 10ರಂದು ಮಾರುತ್ ಪರೀಕ್ಷೆಯಲ್ಲೇ ತೀರಿಕೊಂಡರು. ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ರಸ್ತೆಗೆ ಅವರದೇ ಹೆಸರು. ದಿನಾ ಆ ದಾರಿಯಲ್ಲಿ ಓಡಾಡುವ ಎಷ್ಟು ಜನ ಅವರ ಮುಖ ನೋಡಿದ್ದಾರು?

ಅಷ್ಟು ದೂರವೂ ಬೇಡ ಎನ್ನುವವರಿಗೆ ಆಗಸ್ಟ್ 15 ಇದೆ. ತಾಲ್ಲೂಕು ಕೇಂದ್ರದ ಧ್ವಜವಂದನೆಗೆ ಮಾಜಿ ಸೈನಿಕರು ಪದಕ ತೊಟ್ಟು ಬಂದಿರುತ್ತಾರೆ. ಅವರಲ್ಲಿ ಪೈಲಟ್ ಸಿಗುವುದು ಅಪರೂಪ. ವಿಮಾನದ ಎಂಜಿನ್ ಬಿಚ್ಚಿ ಜೋಡಿಸಿದವರು ಸಿಗಬಹುದು. ಪೈಲಟ್ ಹಾರಿದ್ದು ಅವರನ್ನು ನಂಬಿ. ಹೆಸರು, ಹುದ್ದೆ, ಸ್ಕ್ವಾಡ್ರನ್, ಕೆಲಸ ಮಾಡಿದ ವಿಮಾನ, ಊರು, ಇಸವಿ ಇಷ್ಟನ್ನು ಕೇಳಿ ಬರೆದುಕೊಳ್ಳಬೇಕು. ಮೊಬೈಲು ತಾರೀಖನ್ನು ತಾನೇ ನೆನಪಿಡುತ್ತದೆ, ಹೆಸರನ್ನಲ್ಲ. ಪ್ರಿಂಟ್ ಹಾಕಿಸಿ ಹಿಂಬದಿಗೆ ಬರೆಯುವಾಗ ಮೆತ್ತನೆಯ ಪೆನ್ಸಿಲ್ ಬಳಸಬೇಕು. ಬಾಲ್‌ಪೆನ್ನು ಒತ್ತಿದರೆ ಗೀರು ಮುಂದಿನ ಮುಖದ ಮೇಲೆ ಏಳುತ್ತದೆ. ಎರಡು ಪ್ರತಿ ಹಾಕಿಸಿ, ಒಂದನ್ನು ಅವರ ಮನೆಗೆ ಕೊಟ್ಟು ಬರಬೇಕು.