ಸಾರೋಟಿನ ನಕ್ಷೆ ಕಲಿಸಿದ ಸಂಜೆ ಶಾಲೆ

ಮುಂಬಯಿಯ ಹಿರಿಯ ಕನ್ನಡಿಗರಿಗೆ ವಿಕ್ಟೋರಿಯಾ ಗಾಡಿಯನ್ನು ಪರಿಚಯಿಸಬೇಕಾಗಿಲ್ಲ. 2015ರಲ್ಲಿ ಮುಂಬಯಿ ಹೈಕೋರ್ಟ್ ಈ ಗಾಡಿಗಳು ಕಾನೂನುಬಾಹಿರವೆಂದು ತೀರ್ಪು ನೀಡಿತು. ಆದರೆ ಒಂದು ಕಾಲದಲ್ಲಿ ಕುದುರೆ ಸಾರೋಟು ತಯಾರಿಕೆ ದೊಡ್ಡ ಉದ್ಯಮವಾಗಿತ್ತು. ಅದರ ಜೀವಾಳ ನಕ್ಷೆಯಾಗಿತ್ತು.

19ನೇ ಶತಮಾನದಲ್ಲಿ ಲಂಡನ್, ಪ್ಯಾರಿಸ್, ನ್ಯೂಯಾರ್ಕ್‌ಗಳ ಶ್ರೀಮಂತರಿಗೆ ಸಾರೋಟು ಅಂತಸ್ತಿನ ಗುರುತು. ಗಿರಾಕಿಯ ಮುಂದೆ ಕಂಪನಿಯವರು ಮೊದಲು ಇಡುತ್ತಿದ್ದುದು ಜಲವರ್ಣದ ಸಣ್ಣ ಚಿತ್ರ. ಪಕ್ಕದಿಂದ ಕಾಣುವಂತೆ ಗಾಡಿ, ಗಾಲಿಯ ಮೇಲಿನ ಸಪೂರ ಬಣ್ಣದ ಗೆರೆ, ದೀಪ, ಸ್ಪ್ರಿಂಗ್ ಎಲ್ಲವೂ ಅದರಲ್ಲಿರುತ್ತಿದ್ದವು. ಕುದುರೆ ಮಾತ್ರ ಸಾಮಾನ್ಯವಾಗಿ ಇರುತ್ತಿರಲಿಲ್ಲ. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಗೆದ್ದ ನ್ಯೂಯಾರ್ಕಿನ ಬ್ರೂಸ್ಟರ್ ಕಂಪನಿಯ ಇಂತಹ ಅನೇಕ ಚಿತ್ರಗಳು ಅಲ್ಲಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ.

ಈ ಚಿತ್ರ ಗಿರಾಕಿಯನ್ನು ಒಪ್ಪಿಸುತ್ತಿತ್ತು, ಆದರೆ ಗಾಡಿ ಕಟ್ಟಲು ಸಾಲದು. ಸಾರೋಟಿನ ಮೈ ಉದ್ದಕ್ಕೂ ಬಾಗಿರುತ್ತದೆ, ಕೆಳಕ್ಕೆ ಬಂದಂತೆ ಒಳಕ್ಕೂ ಬಾಗುತ್ತದೆ. ಹಾಗಾಗಿ ನಕ್ಷೆಗಾರ ದೊಡ್ಡ ಕರಿಹಲಗೆಯ ಮೇಲೆ ಗಾಡಿಯ ಪೂರ್ಣ ಗಾತ್ರದ ನಕ್ಷೆಯನ್ನು ಪಕ್ಕದಿಂದಲೂ ಮೇಲಿನಿಂದಲೂ ಕಾಣುವಂತೆ ಬರೆಯಬೇಕಿತ್ತು. ಅದರಿಂದ ತೆಳು ಹಲಗೆಯ ಅಚ್ಚು ತೆಗೆದು, ಬಡಗಿ ಮರ ಕೊಯ್ಯುತ್ತಿದ್ದ. ಗೆರೆ ಕೊಂಚ ತಪ್ಪಿದರೂ ಬಾಗಿಲು ಕೂರದು, ಕಿಟಕಿಯ ಗಾಜು ಇಳಿಯದು, ಬೆಲೆಬಾಳುವ ಮರ ವ್ಯರ್ಥ.

ಈ ವಿದ್ಯೆ ಕೆಲವೇ ಮಂದಿಯ ಕೈಯಲ್ಲಿತ್ತು. ಹತ್ತಾರು ವರ್ಷ ಉಳಿ ಹಿಡಿದ ಬಡಗಿಗೂ ನಕ್ಷೆ ಬಾರದಿದ್ದರೆ ಮುಂದಿನ ಮೆಟ್ಟಿಲಿಲ್ಲ. ಈ ಕೊರತೆ ನೀಗಲು ಅಮೆರಿಕದ ಸಾರೋಟು ತಯಾರಕರ ರಾಷ್ಟ್ರೀಯ ಸಂಘದ ಬೆಂಬಲದಿಂದ 1880ರಲ್ಲಿ ನ್ಯೂಯಾರ್ಕಿನಲ್ಲಿ, ಮೆಟ್ರೊಪಾಲಿಟನ್ ಮ್ಯೂಸಿಯಂನ ಆಶ್ರಯದಲ್ಲಿ, ನಕ್ಷೆ ಕಲಿಸುವ ಶಾಲೆ ಆರಂಭವಾಯಿತು. ಹಗಲು ಕಾರ್ಖಾನೆಯಲ್ಲಿ ದುಡಿಯುವವರಿಗಾಗಿ ತರಗತಿಗಳು ಸಂಜೆ ನಡೆಯುತ್ತಿದ್ದವು. ಮುಂದೆ ಪ್ಯಾರಿಸ್‌ನಲ್ಲಿ ತರಬೇತಿ ಪಡೆದ ಆಂಡ್ರ್ಯೂ ಎಫ್. ಜಾನ್ಸನ್ ದೀರ್ಘಕಾಲ ಇಲ್ಲಿ ಪಾಠ ಮಾಡಿದರು. ದೂರದ ಊರಿನವರಿಗೆ ಅಂಚೆಯ ಮೂಲಕವೂ ಪಾಠಗಳು ತಲುಪುತ್ತಿದ್ದವು.

20ನೇ ಶತಮಾನದ ಆರಂಭದಲ್ಲಿ ಮೋಟಾರು ಬಂದು ಸಾರೋಟು ಮೂಲೆಗುಂಪಾಯಿತು. ಆದರೆ ನಕ್ಷೆ ಬಲ್ಲವರ ಕೈ ಬರಿದಾಗಲಿಲ್ಲ. ಕಾರಿನ ಮೈಯ ವಿನ್ಯಾಸಕ್ಕೂ ಅದೇ ಗೆರೆ, ಅದೇ ಲೆಕ್ಕಾಚಾರ ಬೇಕಾಯಿತು. ಬ್ರೂಸ್ಟರ್ ಕಂಪನಿಯೂ ಕಾರಿನ ಮೈ ಕಟ್ಟುವ ಕೆಲಸಕ್ಕೆ ಹೊರಳಿತು.

ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು, ಬ್ಯಾಂಕು, ಕಚೇರಿಗಳ ಮೆಟ್ಟಿಲೇರಿದ ಮುಂಬಯಿ ಕನ್ನಡಿಗರಿಗೆ ಸಂಜೆ ತರಗತಿಯ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.