ಗುಂಡ್ಯದ ಮಂಜು ಹಾಳೆಗೆ ಇಳಿಯುವುದು ಹೇಗೆ?

ಶಿರಾಡಿ ಘಾಟಿಯ ಬುಡದಲ್ಲಿರುವ ಗುಂಡ್ಯದಲ್ಲಿ ಬಸ್ಸು ನಿಂತರೆ ಪ್ರಯಾಣಿಕರು ಚಹಾ ಕುಡಿಯಲು ಇಳಿಯುತ್ತಾರೆ. ಮಳೆಗಾಲದ ಬೆಳಗ್ಗೆ ಅಲ್ಲಿ ಕಣ್ಣಿಗೆ ಬೀಳುವುದು ಹೊಳೆ, ಕಾಡು ಮತ್ತು ಮಂಜು. ಹತ್ತಿರದ ಗುಡ್ಡ ಕಡುಹಸಿರು. ಅದರಾಚೆಯದು ನೀಲಿ ಬೆರೆತ ಬೂದು. ಇನ್ನೂ ಆಚೆಯದು ಇದೆಯೋ ಇಲ್ಲವೋ ಎಂಬಷ್ಟು ತೆಳು. ಜಲವರ್ಣದ ಹವ್ಯಾಸವಿದ್ದವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ಮಕ್ಕಳು ಬಣ್ಣದ ಪೆಟ್ಟಿಗೆ ತೆರೆದು ಕುಳಿತರೆ ಆಗುವುದೇನು? ಗುಡ್ಡಕ್ಕೆ ಗಟ್ಟಿ ಹಸಿರು, ಆಕಾಶಕ್ಕೆ ಗಟ್ಟಿ ನೀಲಿ, ನಡುವೆ ಒಂದು ಕಪ್ಪು ಗೆರೆ. ಮಂಜು ಮಾತ್ರ ಹಾಳೆಗೆ ಬರುವುದೇ ಇಲ್ಲ.

ಮಂಜನ್ನು ತರುವ ವಿಧಾನಕ್ಕೆ ಚಿತ್ರಕಾರರು 'ವಾಶ್' ಎನ್ನುತ್ತಾರೆ. ಬಣ್ಣವನ್ನು ಧಾರಾಳ ನೀರಿನಲ್ಲಿ ಕರಗಿಸಿ, ಕುಂಚದ ಗುರುತು ಕಾಣದಂತೆ ಹರಿಯಬಿಡುವ ತೆಳು ಹೊದಿಕೆ ಅದು. ಬೇಕಾದಷ್ಟು ಬಣ್ಣವನ್ನು ಮೊದಲೇ ಕಲಸಿಟ್ಟುಕೊಳ್ಳಬೇಕು. ಅರ್ಧದಲ್ಲಿ ಮುಗಿದರೆ ಅದೇ ಛಾಯೆ ಮತ್ತೆ ಸಿಗದು. ಹಾಳೆಯನ್ನು ಹಲಗೆಗೆ ಅಂಟಿಸಿ, ಹಲಗೆಯ ಮೇಲಂಚಿನ ಕೆಳಗೆ ಒಂದು ದಪ್ಪ ಪುಸ್ತಕವಿಡಿ. ಅಗಲವಾದ ಕುಂಚದಿಂದ ಮೇಲೆ ಒಂದು ಅಡ್ಡಗೆರೆ ಎಳೆದರೆ ಅದರ ಕೆಳ ಅಂಚಿನಲ್ಲಿ ಬಣ್ಣದ ನೀರು ಮಣಿಯಂತೆ ಕಟ್ಟಿ ನಿಲ್ಲುತ್ತದೆ. ಮುಂದಿನ ಗೆರೆ ಆ ಮಣಿಯನ್ನು ಮುಟ್ಟಿಕೊಂಡೇ ಸಾಗಬೇಕು. ಕೊನೆಗೆ ಉಳಿದ ನೀರನ್ನು ಹಿಂಡಿದ ಕುಂಚದಿಂದ ಹೀರಿ ತೆಗೆದರಾಯಿತು. ಪ್ರತಿ ಗೆರೆಗೂ ಸ್ವಲ್ಪ ಸ್ವಲ್ಪ ನೀರು ಹೆಚ್ಚಿಸುತ್ತ ಬಂದರೆ ಬಣ್ಣ ಮೇಲಿನಿಂದ ಕೆಳಕ್ಕೆ ತೆಳುವಾಗುತ್ತದೆ. ಆಕಾಶ ಹೀಗೇ ಹುಟ್ಟುತ್ತದೆ.

ಗುಡ್ಡಗಳಿಗೆ ಬಂದರೆ ಮೊದಲು ಬರೆಯಬೇಕಾದದ್ದು ಎಲ್ಲಕ್ಕಿಂತ ದೂರದ್ದು. ಅದು ಒಣಗಿದ ಮೇಲೆ ಅದರ ಮುಂದಿನದು, ಸ್ವಲ್ಪ ಗಾಢವಾಗಿ. ಕಣಿವೆಯಲ್ಲಿ ಮಂಜು ಮಲಗಿರುವುದರಿಂದ ಗುಡ್ಡದ ತಲೆ ಸ್ಪಷ್ಟ, ಬುಡ ಮಾಯ. ಹಾಗಾಗಿ ಬಣ್ಣ ಒದ್ದೆಯಿರುವಾಗಲೇ ಕೆಳ ಅಂಚಿಗೆ ಬರೀ ನೀರಿನ ಕುಂಚ ಸವರಿ ಕರಗಿಸಬೇಕು. ಬಿಳಿ ಬಣ್ಣದ ಕೆಲಸವೇ ಇಲ್ಲ. ಹಾಳೆಯ ಬಿಳುಪೇ ಮಂಜು.

ಕಷ್ಟವಿರುವುದು ಕಾಯುವುದರಲ್ಲಿ. ಅರೆ ಒಣಗಿದ ಬಣ್ಣಕ್ಕೆ ಮತ್ತೆ ಒದ್ದೆ ಕುಂಚ ತಾಗಿಸಿದರೆ ಹೊಸ ನೀರು ಹಳೆಯ ಬಣ್ಣವನ್ನು ಅಂಚಿಗೆ ತಳ್ಳಿ ಹೂಕೋಸಿನಂಥ ಕಲೆ ಮೂಡಿಸುತ್ತದೆ. ಬಯಲುಸೀಮೆಯ ಬೇಸಗೆಯಲ್ಲಿ ಬೇಗನೆ ಒಣಗುವ ಹಾಳೆ, ಜುಲೈ ತಿಂಗಳ ಗುಂಡ್ಯದಲ್ಲಿ ಬಹಳ ಹೊತ್ತು ಒದ್ದೆಯಾಗಿಯೇ ಇರುತ್ತದೆ. ಬೇರೆ ಊರಿನವರು ಬರೆದ ಪುಸ್ತಕದ ಲೆಕ್ಕ ಇಲ್ಲಿ ನಡೆಯದು. ಹೊಳಪು ಆರಿದ ಮಾತ್ರಕ್ಕೆ ಒಣಗಿತೆಂದೂ ಅಲ್ಲ. ಅಂಗೈಯ ಹಿಂಭಾಗವನ್ನು ಮೆಲ್ಲಗೆ ತಾಗಿಸಿದಾಗ ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ.

ಬೆಟ್ಟದ ನೋಟವನ್ನು ಜಲವರ್ಣದಲ್ಲಿ ಹಿಡಿದ ನಮ್ಮವರಲ್ಲಿ ದೊಡ್ಡ ಹೆಸರು ಮೈಸೂರಿನ ಕೆ. ವೆಂಕಟಪ್ಪ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದವರು. 1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಜಪಾನಿನ ಚಿತ್ರಕಾರರಾದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೋ ಅವರ ಕೆಲಸ ಕಂಡು ಅವನೀಂದ್ರನಾಥರು ತಮ್ಮದೇ ಕ್ರಮವೊಂದನ್ನು ರೂಢಿಸಿಕೊಂಡಿದ್ದರು. ಬಣ್ಣ ಹಾಕಿದ ಚಿತ್ರವನ್ನೇ ನೀರಿನಲ್ಲಿ ಅದ್ದುವುದು, ಒಣಗಿಸುವುದು, ಮತ್ತೆ ಬಣ್ಣ ಹಾಕುವುದು. ಕಷ್ಟಪಟ್ಟು ಬರೆದದ್ದನ್ನು ನೀರಿಗೆ ಹಾಕಲು ಎದೆಗಾರಿಕೆ ಬೇಕು! 1920ರ ದಶಕದಲ್ಲಿ ವೆಂಕಟಪ್ಪನವರು ಬರೆದ ಊಟಿಯ ದೃಶ್ಯಗಳು ಕನ್ನಡನಾಡಿನ ಜಲವರ್ಣ ಕಲೆಯಲ್ಲಿ ಇಂದಿಗೂ ಎದ್ದು ಕಾಣುತ್ತವೆ. ಅವರು 1965ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಕಲಾ ಗ್ಯಾಲರಿಯಿದೆ.

ಇನ್ನು ತಂದೆತಾಯಿಯರ ಪಾಲಿನದು. "ಎಷ್ಟು ಹಾಳೆ ಹಾಳು ಮಾಡುತ್ತೀ?" ಎಂಬ ಗದರಿಕೆಗೆ ಹೆದರಿದ ಮಗು ನೀರು ಕಡಿಮೆ ಮಾಡಿ ಗಟ್ಟಿ ಬಣ್ಣ ಬಳಿಯತೊಡಗುತ್ತದೆ, ಅಲ್ಲಿಗೆ ವಾಶ್ ಮುಗಿಯಿತು. ತೆಳು ಡ್ರಾಯಿಂಗ್ ಶೀಟು ನೀರು ಬಿದ್ದೊಡನೆ ಉಬ್ಬಿ, ಬಣ್ಣ ತಗ್ಗಿನಲ್ಲಿ ಕೂರುತ್ತದೆ. ತಪ್ಪು ಮಗುವಿನದಲ್ಲ, ಕಾಗದದ್ದು. ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದಕ್ಕೆ ಬೆಲೆ ಹೆಚ್ಚು, ನಿಜ. ಒಂದು ಹಾಳೆಯನ್ನು ಎಂಟು ತುಂಡು ಮಾಡಿ, ಎರಡೂ ಬದಿ ಬಳಸಿದರೆ ಹದಿನಾರು ಸಲ ಅಭ್ಯಾಸವಾಯಿತು. ಬಣ್ಣದ ಪೆಟ್ಟಿಗೆಯಲ್ಲಿ ಹನ್ನೆರಡು ಬಣ್ಣ ಬೇಕೆಂದಿಲ್ಲ. ಒಂದೇ ನೀಲಿಯಲ್ಲಿ ಮೂರು ಗುಡ್ಡ ಬರೆಯಬಹುದು.

ಕರಾವಳಿಯ ಮಳೆಗಾಲದಲ್ಲಿ ತೆರೆದಿಟ್ಟ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ. ಕಾಗದಕ್ಕೆ ಸವರಿರುವ ಸರೇಸು ಕೆಟ್ಟರೆ ಅಲ್ಲಲ್ಲಿ ಬಣ್ಣವನ್ನು ಒತ್ತುಕಾಗದದಂತೆ ಹೀರಿಬಿಡುತ್ತದೆ. ಹಪ್ಪಳ, ಸಂಡಿಗೆಗಳನ್ನು ಇಡುವಂತೆ ಬಿಗಿ ಮುಚ್ಚಳದ ಡಬ್ಬದಲ್ಲಿ ಇಡುವುದು ಒಳ್ಳೆಯದು. ಅಭ್ಯಾಸದ ತುಂಡುಗಳ ಮೂಲೆಯಲ್ಲಿ ತಾರೀಕು, ಮಳೆಯಿತ್ತೋ ಬಿಸಿಲಿತ್ತೋ, ಒಣಗಲು ಎಷ್ಟು ಹೊತ್ತಾಯಿತು ಎಂದು ಪೆನ್ಸಿಲಿನಲ್ಲಿ ಬರೆದಿಟ್ಟರೆ, ಮುಂದಿನ ಜೂನ್ ತಿಂಗಳಲ್ಲಿ ಮತ್ತೆ ಕುಂಚ ಹಿಡಿಯುವಾಗ ಬೇಕಾಗುತ್ತದೆ.