ಕತ್ತಿಯ ಗಾಯಕ್ಕೆ ಕೊಳವೆಯ ಮದ್ದು

ಯಕೃತ್ತಿನಿಂದ ಸಣ್ಣ ಕರುಳಿಗೆ ಪಿತ್ತರಸವನ್ನು ಇಳಿಸುವ ನಾಳವು ಪೆನ್ಸಿಲಿಗಿಂತಲೂ ಸಪೂರವಾದುದು. ಕಲ್ಲುಗಟ್ಟಿದ ಪಿತ್ತಕೋಶವನ್ನು ತೆಗೆದುಹಾಕುವ ವಿದ್ಯೆಯನ್ನು 1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್ ತೋರಿಸಿಕೊಟ್ಟಂದಿನಿಂದ, ನೆರೆಯಲ್ಲಿಯೇ ಇರುವ ಈ ನಾಳಕ್ಕೆ ಕತ್ತಿ ತಗುಲದಂತೆ ಕಾಯುವುದು ಶಸ್ತ್ರವೈದ್ಯರ ದೊಡ್ಡ ಎಚ್ಚರವಾಗಿದೆ.

ತಗುಲಿದರೆ ಏನಾಗುವುದೆಂಬುದಕ್ಕೆ ಆಂಟನಿ ಈಡನ್ನರ ಚರಿತ್ರೆಯೇ ಸಾಕ್ಷಿ. ಬ್ರಿಟನ್ನಿನ ವಿದೇಶಾಂಗ ಮಂತ್ರಿಯಾಗಿದ್ದ ಅವರ ಪಿತ್ತಕೋಶವನ್ನು 1953ರ ಏಪ್ರಿಲಿನಲ್ಲಿ ಲಂಡನ್ನಿನಲ್ಲಿ ತೆಗೆದರು, ನಾಳಕ್ಕೆ ಪೆಟ್ಟಾಯಿತು. ಅದೇ ತಿಂಗಳು ಎರಡನೆಯ ಶಸ್ತ್ರಕ್ರಿಯೆ. ಜೂನಿನಲ್ಲಿ ಅಮೆರಿಕೆಯ ಬಾಸ್ಟನ್ನಿನಲ್ಲಿ ರಿಚರ್ಡ್ ಕ್ಯಾಟೆಲ್ಲರಿಂದ ಮೂರನೆಯದು. ಜೀವ ಉಳಿಯಿತು, ಆರೋಗ್ಯ ಮರಳಲಿಲ್ಲ. ಪ್ರಧಾನಿಯಾಗಿ ಸೂಯೆಜ್ ಬಿಕ್ಕಟ್ಟಿನ ನಡುವೆ ಇದ್ದಾಗ, 1956ರ ಅಕ್ಟೋಬರಿನಲ್ಲಿ, ಉಗ್ರ ಜ್ವರ ಮತ್ತೆ ಅವರನ್ನು ಕೆಡವಿತು. 1957ರ ಜನವರಿಯಲ್ಲಿ ಅವರು ಪದವಿಯನ್ನು ತ್ಯಜಿಸಿದರು. ಸೂಯೆಜಿನ ತಪ್ಪುಗಳನ್ನೆಲ್ಲ ಒಂದು ನಾಳದ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಆ ದಿನಗಳ ಕಥೆಯಲ್ಲಿ ಅದನ್ನು ಮರೆಯುವಂತೆಯೂ ಇಲ್ಲ.

ಅಂದು ಇದ್ದ ಮುಖ್ಯ ದಾರಿ, ಮತ್ತೆ ಉದರವನ್ನು ಕೊಯ್ಯುವುದು. 1968ರಲ್ಲಿ ಅಮೆರಿಕೆಯ ವಿಲಿಯಂ ಮೆಕ್ಯೂನ್ ಮತ್ತು ಸಂಗಡಿಗರು ಇನ್ನೊಂದು ದಾರಿಯ ಬಾಗಿಲನ್ನು ತೆರೆದರು. ಎಂಡೋಸ್ಕೋಪ್ ಎಂಬ ದರ್ಶಕನಳಿಕೆಯನ್ನು ಬಾಯಿಯಿಂದ ಕರುಳಿನವರೆಗೆ ಇಳಿಸಿ, ನಾಳದ ಬಾಯಿಯನ್ನು ಕಂಡು, ಕ್ಷ-ಕಿರಣದಲ್ಲಿ ಕಾಣುವ ದ್ರವವನ್ನು ಅದರೊಳಗೆ ಹಾಯಿಸಿದರು. 1974ರಲ್ಲಿ ಜರ್ಮನಿ ಮತ್ತು ಜಪಾನಿನ ವೈದ್ಯರು ಆ ಬಾಯಿಯನ್ನು ಒಳಗಿನಿಂದಲೇ ಸೀಳಿ ಹಿಗ್ಗಿಸಿದರು. 1980ರ ಸುಮಾರಿಗೆ ಹ್ಯಾಂಬರ್ಗಿನ ಸೊಹೇಂದ್ರರು ನಾಳದೊಳಗೆ ಪ್ಲಾಸ್ಟಿಕ್ಕಿನ ಕಿರುಗೊಳವೆಯನ್ನು, ಎಂದರೆ ಸ್ಟೆಂಟನ್ನು, ಇರಿಸಿ ತೋರಿಸಿದರು.

ಇದರ ತತ್ತ್ವ ನಮ್ಮ ರೈತನಿಗೆ ಅಪರಿಚಿತವಲ್ಲ. ಕೆರೆಯ ಏರಿ ಜಿನುಗತೊಡಗಿದರೆ ಅವನು ತೂಬನ್ನೆತ್ತಿ ನೀರಿನ ಭಾರವನ್ನು ಇಳಿಸುತ್ತಾನೆ. ಸ್ಟೆಂಟಿನ ಮೂಲಕ ಪಿತ್ತವು ಸರಾಗವಾಗಿ ಕರುಳಿಗೆ ಇಳಿದರೆ ಸೋರುವ ಕಡೆ ಒತ್ತಡ ತಗ್ಗುತ್ತದೆ. ಗಾಯ ತಾನಾಗಿ ಮಾಯುತ್ತದೆ. ಕೆಲವು ವಾರಗಳ ಮೇಲೆ ಕೊಳವೆಯನ್ನು ತೆಗೆಯುತ್ತಾರೆ. ನಾಳವು ಇರುಕಾಗಿದ್ದರೆ ಪುಟ್ಟ ಬಲೂನಿನಿಂದ ಅದನ್ನು ಹಿಗ್ಗಿಸಿ, ಕೊಳವೆಗಳನ್ನು ಆಗಾಗ ಬದಲಿಸುತ್ತ, ಸುಮಾರು ಒಂದು ವರ್ಷ ತಾಳ್ಮೆಯಿಂದ ನಡೆಸುವ ಚಿಕಿತ್ಸೆ ಬೇಕಾಗುತ್ತದೆ.

ಈ ವಿದ್ಯೆಗೂ ಮಿತಿಯುಂಟು. ಇದರಿಂದಲೇ ಕೆಲವರಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ಬರಬಹುದು. ನಾಳವು ಪೂರ್ತಿ ತುಂಡಾಗಿದ್ದರೆ ಸಾಮಾನ್ಯವಾಗಿ ಕತ್ತಿಗೇ ಮರಳಬೇಕು. ನಾಳವನ್ನು ಕರುಳಿಗೆ ಹೊಲಿಯಬೇಕು. ಯಾವ ದಾರಿಯಾದರೂ ಫಲಿಸಬೇಕಾದರೆ ಗಾಯವು ಬೇಗ ಗೊತ್ತಾಗಬೇಕು. ಶಸ್ತ್ರಕ್ರಿಯೆಯ ಬಳಿಕ ಕಣ್ಣು ಹಳದಿಯಾದರೆ, ಜ್ವರವೋ ಹೊಟ್ಟೆನೋವೋ ಹೆಚ್ಚಿದರೆ, ರೋಗಿ ಸಂಕೋಚಪಡದೆ ಹೇಳಬೇಕು. ವೈದ್ಯರು ಅಸಡ್ಡೆ ಮಾಡದೆ ಕೇಳಬೇಕು. ಕೊಳವೆಗಿಂತ ಮೊದಲು ಬೇಕಾದ ಮದ್ದು ಅದೇ.